ಓದುಗರ ಪ್ರಶ್ನೆ: ಅಸ್ಥಿಮಜ್ಜೆ ಕಸಿಗೆ ಯಾವ ಆಸ್ಪತ್ರೆಯ ಸಕ್ಸಸ್ ರೇಟ್ ಜಾಸ್ತಿ?

ಪ್ರಶ್ನೆ: ಅಪ್ಪನಿಗೆ 58 ವರ್ಷ. ಮಲ್ಟಿಪಲ್ ಮೈಲೋಮಾ, ಅಂದರೆ ಅಸ್ಥಿಮಜ್ಜೆಯ ಒಂದು ಕ್ಯಾನ್ಸರ್. ನಾಲ್ಕು ತಿಂಗಳಿಂದ ಇಂಜೆಕ್ಷನ್ ನಡೆಯುತ್ತಿದೆ, ಈಗ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಮಾಡಿಸಿ ಅಂತಿದ್ದಾರೆ. ನಾವು ದಾವಣಗೆರೆಯವರು. ಬೆಂಗಳೂರಿನಲ್ಲಿ ಮಾಡಿಸೋದಾ, ವೆಲ್ಲೂರಿಗೆ ಹೋಗೋದಾ? ಎಲ್ಲಿ ಸಕ್ಸಸ್ ರೇಟ್ ಜಾಸ್ತಿ?

ಉತ್ತರ: ನನಗೆ ಬರುವ ಪ್ರಶ್ನೆಗಳಲ್ಲಿ ಊರು ಬೇರೆ, ಕಾಯಿಲೆ ಬೇರೆ, ‘ಎಲ್ಲಿ ಸಕ್ಸಸ್ ರೇಟ್ ಜಾಸ್ತಿ’ ಎಂಬ ಕೊನೆಯ ಸಾಲು ಮಾತ್ರ ಎಲ್ಲರದೂ ಇದೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮಗೆ ಬೇಕಾದ ಉತ್ತರ. ನಿಮ್ಮ ತಂದೆಗೆ ಮಾಡುವುದು ಆಟೋಲೋಗಸ್ ಕಸಿ, ಅಂದರೆ ಅವರದೇ ಕಾಂಡಕೋಶ (ರಕ್ತಕಣಗಳನ್ನು ಹುಟ್ಟಿಸುವ ಸ್ಟೆಮ್ ಸೆಲ್) ಅವರಿಗೇ. ದಾನಿ ಹುಡುಕುವ ತಾಪತ್ರಯ ಇಲ್ಲ. ಈ ಕೆಲಸ ಚೆನ್ನಾಗಿ ಪಳಗಿದ ಆಸ್ಪತ್ರೆಗಳು ಬೆಂಗಳೂರಿನಲ್ಲೇ ಇವೆ. ವೆಲ್ಲೂರಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) 1986ರಿಂದ ಕಸಿ ಮಾಡುತ್ತಿದೆ, ಅವರ ಅನುಭವಕ್ಕೆ ಎರಡು ಮಾತಿಲ್ಲ. ಆದರೆ ಬರೀ ಹೆಸರು ಕೇಳಿ ಅಷ್ಟು ದೂರ ಹೋಗಬೇಕಿಲ್ಲ. ಹೋಗುವುದೇ ಆದರೆ ನೆನಪಿರಲಿ, ಅಲ್ಲಿನ ಹೆಮಟಾಲಜಿ (ರಕ್ತರೋಗ) ವಿಭಾಗ ಈಗ ರಾಣಿಪೇಟೆ ಕ್ಯಾಂಪಸ್ಸಿನಲ್ಲಿದೆ. ವೆಲ್ಲೂರು ಪೇಟೆಯಲ್ಲಿ ರೂಮು ಹಿಡಿದು ಒದ್ದಾಡಬೇಡಿ.

ಇನ್ನೊಂದು ಮಾತು. ಇದು ಆಪರೇಷನ್ ಅಲ್ಲ, ಹಾಗಾಗಿ ‘ದೊಡ್ಡ ಸರ್ಜನ್’ ಹುಡುಕಬೇಡಿ. ಇಂಜೆಕ್ಷನ್ ಕೊಟ್ಟು ಕಾಂಡಕೋಶಗಳನ್ನು ರಕ್ತಕ್ಕೆ ಬರಿಸಿ, ಯಂತ್ರದಿಂದ ತೆಗೆದಿಡುತ್ತಾರೆ. ಆಮೇಲೆ ಮೆಲ್ಫಲಾನ್ ಎಂಬ ಜೋರಾದ ಕಿಮೋ. ನಂತರ ತೆಗೆದಿಟ್ಟ ಕೋಶಗಳನ್ನು ರಕ್ತ ಏರಿಸಿದ ಹಾಗೇ ಏರಿಸುತ್ತಾರೆ. ಅಷ್ಟೇ. ಕಷ್ಟ ಇರುವುದು ಅದರ ನಂತರದ ಎರಡು ವಾರ. ಬಿಳಿ ರಕ್ತಕಣ ಸೊನ್ನೆಗೆ ಇಳಿದಿರುತ್ತದೆ.

ಈಗ ಆ ಸಕ್ಸಸ್ ರೇಟ್ ವಿಷಯಕ್ಕೆ ಬರೋಣ.

‘ಅಲ್ಲಿ 95 ಪರ್ಸೆಂಟ್ ಅಂತೆ, ಇಲ್ಲಿ 80 ಅಂತೆ, ಅಲ್ಲಿಗೇ ಹೋಗ್ತೀವಿ’ ಅನ್ನುತ್ತಾರೆ. ಯಾವುದರ 95? ಇದನ್ನು ಯಾರೂ ಕೇಳುವುದಿಲ್ಲ. ಕೋಶಗಳು ನೆಲೆಯೂರಿ ರಕ್ತಕಣಗಳ ಕೌಂಟ್ ಮೇಲೆ ಬಂದರೆ ಕೆಲವರ ಲೆಕ್ಕದಲ್ಲಿ ಅದೇ ಸಕ್ಸಸ್. ಕೆಲವರಿಗೆ 100ನೇ ದಿನ ಜೀವಂತ ಇದ್ದರೆ ಸಕ್ಸಸ್. ಎರಡು ವರ್ಷದ ನಂತರವೂ ಕಾಯಿಲೆ ಮರಳಿ ಬರದಿದ್ದರೆ ಇನ್ನು ಕೆಲವರಿಗೆ. ಮೂರೂ ಬೇರೆ ಬೇರೆ ಲೆಕ್ಕ. ಮೈಲೋಮಾದ ಆಟೋಲೋಗಸ್ ಕಸಿಯಲ್ಲಿ ಒಳ್ಳೆಯ ಕೇಂದ್ರಗಳಲ್ಲಿ ಮೊದಲ 100 ದಿನದಲ್ಲಿ ತೀರಿಕೊಳ್ಳುವವರು ನೂರಕ್ಕೆ ಒಬ್ಬರೋ ಇಬ್ಬರೋ. ಅಂದರೆ ಯಾರು ಬೇಕಾದರೂ 98 ಅಂತ ಬೋರ್ಡು ಹಾಕಬಹುದು. ಆದರೆ ಮೈಲೋಮಾ ಕಸಿಯಿಂದ ಪೂರ್ತಿ ವಾಸಿಯಾಗುವ ಕಾಯಿಲೆ ಅಲ್ಲ. ಕೆಲವು ವರ್ಷ ಸುಮ್ಮನಿರುತ್ತದೆ, ಅದಕ್ಕೂ ಆಮೇಲೆ ಮಾತ್ರೆ ನುಂಗುತ್ತಲೇ ಇರಬೇಕು. ಆ 98ರಲ್ಲಿ ಈ ಸಂಗತಿ ಎಲ್ಲಿದೆ?

ಎರಡನೆಯದು, ಯಾರಿಗೆ ಮಾಡಿದ್ದು? ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಹತೋಟಿಗೆ ಬಂದ ಮೇಲೆ ಅಣ್ಣನಿಂದ ಕೋಶ ಪಡೆದ ಇಪ್ಪತ್ತರ ಹುಡುಗ, ಕಾಯಿಲೆ ಹತೋಟಿಗೇ ಬಾರದೆ ಅರ್ಧ ಹೊಂದಾಣಿಕೆಯ ದಾನಿಯಿಂದ ಪಡೆದ ಐವತ್ತರ ಹೆಂಗಸು, ಇವರಿಬ್ಬರನ್ನೂ ಒಂದೇ ಸರಾಸರಿಗೆ ಹಾಕಿದರೆ ಆ ಸಂಖ್ಯೆ ಯಾರ ಉಪಯೋಗಕ್ಕೂ ಬರುವುದಿಲ್ಲ. ಥಲಸ್ಸೀಮಿಯಾ (ಪದೇ ಪದೇ ರಕ್ತ ಏರಿಸಬೇಕಾದ, ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಮಕ್ಕಳ ವಿಷಯದಲ್ಲಿ ಇಟಲಿಯ ಪೆಸಾರೊದ ವೈದ್ಯ ಗೈಡೊ ಲುಕರೆಲ್ಲಿ ಇದನ್ನು ಯಾವತ್ತೋ ತೋರಿಸಿಕೊಟ್ಟರು. ಯಕೃತ್ತು ಊದಿದೆಯಾ, ಅದರಲ್ಲಿ ಗಾಯದ ಗುರುತಿದೆಯಾ, ಮೈಯಲ್ಲಿ ಸೇರಿದ ಕಬ್ಬಿಣ ತೆಗೆಯುವ ಔಷಧಿ ಸರಿಯಾಗಿ ಕೊಟ್ಟಿದ್ದಾರಾ ಎಂದು ನೋಡಿ ಮಕ್ಕಳನ್ನು ಮೂರು ವರ್ಗ ಮಾಡಿದರು. ಒಂದೇ ಆಸ್ಪತ್ರೆ, ಅದೇ ವೈದ್ಯರು. ಆದರೂ ವರ್ಗಕ್ಕೆ ತಕ್ಕ ಹಾಗೆ ಫಲಿತಾಂಶ ಬೇರೆ.

ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಅಂತ ಫ್ಲೆಕ್ಸ್ ಹಾಕುವ ಶಾಲೆಗಳು ಗೊತ್ತಲ್ವಾ? ಹಿಂದುಳಿದ ಮಕ್ಕಳಿಗೆ ಒಂಬತ್ತರಲ್ಲೇ ಟಿಸಿ ಕೊಟ್ಟಿರುತ್ತಾರೆ. ಆಸ್ಪತ್ರೆಯೂ ಕಷ್ಟದ ಕೇಸುಗಳನ್ನು ಬೇರೆ ಕಡೆ ಕಳಿಸಿಬಿಟ್ಟರೆ ಅಂಕಿ ತಾನಾಗಿ ಏರುತ್ತದೆ. ಆ ಕೇಸುಗಳನ್ನು ಒಪ್ಪಿಕೊಂಡ ಆಸ್ಪತ್ರೆಯ ಅಂಕಿ ಇಳಿಯುತ್ತದೆ. ನೀವು ಮೊದಲನೆಯದನ್ನು ಹೊಗಳಿ ಎರಡನೆಯದನ್ನು ಬಿಡುತ್ತೀರಿ.

ಅಮೆರಿಕದಲ್ಲಿ 2005ರ ಒಂದು ಕಾನೂನಿನಿಂದಾಗಿ, ಬೇರೆಯವರ ಕೋಶ ಪಡೆದವರು ಒಂದು ವರ್ಷಕ್ಕೆ ಎಷ್ಟು ಜನ ಬದುಕಿದ್ದಾರೆ ಎಂಬ ಆಸ್ಪತ್ರೆವಾರು ಲೆಕ್ಕ ಪ್ರಕಟವಾಗುತ್ತದೆ. ಅವರೂ ಬರೀ ಪರ್ಸೆಂಟ್ ಕೊಟ್ಟು ಸುಮ್ಮನಾಗುವುದಿಲ್ಲ. ಅಲ್ಲಿ ಬಂದ ರೋಗಿಗಳ ಸ್ಥಿತಿ ನೋಡಿದರೆ ಎಷ್ಟು ಜನ ಉಳಿಯಬೇಕಿತ್ತು, ಎಷ್ಟು ಜನ ಉಳಿದರು ಎಂದು ತಾಳೆ ಹಾಕುತ್ತಾರೆ. ನಮ್ಮಲ್ಲಿ ಅಂಥ ಪಟ್ಟಿ ಜನರ ಕೈಗೆ ಸಿಗುವುದಿಲ್ಲ. ಹಾಗಿದ್ದಾಗ ಫೋನಿನಲ್ಲಿ ಯಾರೋ ಹೇಳಿದ ಅಂಕಿ ನಂಬಿ ಹೊಲ ಅಡ ಇಡುತ್ತೀರಲ್ಲ, ಏನು ಹೇಳಲಿ.

ಹಾಗಾದರೆ ಏನು ಕೇಳಬೇಕು? ‘ನಮ್ಮಪ್ಪನಂಥವರಿಗೆ, ಇದೇ ಕಾಯಿಲೆಗೆ, ಹೋದ ಎರಡು ವರ್ಷದಲ್ಲಿ ಎಷ್ಟು ಜನಕ್ಕೆ ಮಾಡಿದ್ದೀರಿ? 100 ದಿನದೊಳಗೆ ಎಷ್ಟು ಜನ ತೀರಿಕೊಂಡರು?’ ಮುಲಾಜಿಲ್ಲದೆ ಕೇಳಿ. ಒಳ್ಳೆಯ ವೈದ್ಯರು ಬೇಸರ ಮಾಡಿಕೊಳ್ಳುವುದಿಲ್ಲ.

ಆಮೇಲೆ ಇದು: ‘ರಾತ್ರಿ ಎರಡು ಗಂಟೆಗೆ ಜ್ವರ ಬಂದರೆ ಯಾರು ಬರುತ್ತಾರೆ? ಆಂಟಿಬಯೋಟಿಕ್‌ನ ಮೊದಲ ಡೋಸ್ ಎಷ್ಟು ಹೊತ್ತಿಗೆ ಹೋಗುತ್ತದೆ?’ ಕೌಂಟ್ ಇಲ್ಲದವರಿಗೆ ಅದು ಒಂದು ಗಂಟೆಯೊಳಗೆ ಹೋಗಬೇಕು. ಉತ್ತರ ತಡವರಿಸಿದರೆ ನನಗೆ ಆ ಆಸ್ಪತ್ರೆ ಬೇಡ. ನನ್ನ ಮಟ್ಟಿಗೆ ಬಿಎಂಟಿ (ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್) ವಾರ್ಡು ನಡೆಯುವುದೇ ನರ್ಸುಗಳಿಂದ. ಮೆಲ್ಫಲಾನ್ ಹೋಗುವಾಗ ಬಾಯಲ್ಲಿ ಐಸ್ ಇಟ್ಟುಕೊಂಡಿದ್ದರೆ ಬಾಯಿ ಹುಣ್ಣು ಕಡಿಮೆಯಾಗುತ್ತದೆ. ಪಕ್ಕದಲ್ಲಿ ನಿಂತು, ‘ಇನ್ನೊಂದು ತುಂಡು ಅಂಕಲ್, ಉಗೀಬೇಡಿ’ ಎಂದು ತಿನ್ನಿಸುವ ನರ್ಸ್ ಇದ್ದಾರಾ ನೋಡಿ. ಆ ಐಸಿಗೆ ಖರ್ಚು ಅಂತ ಏನೂ ಇಲ್ಲ. ಆದರೂ ಅದನ್ನು ಮರೆತ ಕಡೆ ರೋಗಿ ವಾರಗಟ್ಟಲೆ ಗಂಜಿಯನ್ನೂ ನುಂಗಲಾರ.

ಪ್ಯಾಕೇಜಿನಲ್ಲಿ ಏನು ಸೇರಿಲ್ಲ ಎಂಬುದನ್ನು ಬರೆಸಿಕೊಳ್ಳಿ. ಫಂಗಸ್ ಔಷಧಿ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ), ಐಸಿಯು ದಿನಗಳು, ಕೋಶ ಸಾಲದೇ ಹೋದಾಗ ಕೊಡುವ ಪ್ಲೆರಿಕ್ಸಾಫರ್ ಇಂಜೆಕ್ಷನ್, ಬಿಲ್ ಏರುವುದು ಇವುಗಳಿಂದಲೇ. ಥಲಸ್ಸೀಮಿಯಾ ಮಗು ಇರುವವರು ಇದನ್ನೂ ಗಮನಿಸಿ: ಕೋಲ್ ಇಂಡಿಯಾ ನೆರವಿನ ಥಲಸ್ಸೀಮಿಯಾ ಬಾಲ ಸೇವಾ ಯೋಜನೆಯಲ್ಲಿ 10 ಲಕ್ಷದವರೆಗೆ ಸಿಗುತ್ತದೆ, ಆದರೆ ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಮಾತ್ರ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ರಕ್ತದ ವಿಷಯ. ಅಪ್ಪನಿಗೆ ಕಸಿ ಅಂದ ಕೂಡಲೇ ಊರಿನ ಹುಡುಗರೆಲ್ಲ ಒಂದು ಟೆಂಪೋ ಮಾಡಿಕೊಂಡು ಒಂದೇ ದಿನ ಬಂದುಬಿಡುತ್ತಾರೆ. ಪ್ರೀತಿ ದೊಡ್ಡದು, ಆದರೆ ಅವರ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಟ್ಟರೆ ಕೆಡುತ್ತದೆ. ಬೇರೆಯವರ ಕೋಶದಿಂದ ಕಸಿ ಆಗಬೇಕಾದ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ದಾನಿಯಾಗಬಹುದಾದ ಅಣ್ಣ, ತಂಗಿ, ಅಪ್ಪ, ಅಮ್ಮ ಕಸಿಗೆ ಮುಂಚೆ ರೋಗಿಗೆ ರಕ್ತ ಕೊಡಲೇಬಾರದು. ರೋಗಿಯ ದೇಹ ಆ ರಕ್ತದ ಗುರುತು ಹಿಡಿದಿಟ್ಟುಕೊಂಡು, ನಾಳೆ ಅವರ ಕೋಶಗಳನ್ನೇ ತಿರಸ್ಕರಿಸಬಹುದು. ಇನ್ನು ಕಸಿಯ ರೋಗಿಗೆ ಏರಿಸುವ ರಕ್ತಕ್ಕೆ ವಿಕಿರಣ ಹಾಯಿಸಿರಬೇಕು, ಕೊಟ್ಟವರು ಸಂಬಂಧಿಕರಾದರಂತೂ ಕಡ್ಡಾಯ. ಆ ಯಂತ್ರ ಆಸ್ಪತ್ರೆಯಲ್ಲೇ ಇದೆಯಾ, ಹೊರಗಿಂದ ತರಿಸುತ್ತಾರಾ, ಕೇಳಿಟ್ಟುಕೊಳ್ಳಿ.

ಹುಡುಗರಿಗೆ ಹೀಗೆ ಹೇಳಿ: ಹೆಸರು, ಫೋನ್ ನಂಬರ್ ಬರೆಸಿ ಊರಲ್ಲೇ ಇರಿ, ಆಸ್ಪತ್ರೆಯವರು ಕರೆದಾಗ ದಿನಕ್ಕೆ ಒಬ್ಬರೋ ಇಬ್ಬರೋ ಬನ್ನಿ. ಬರುವ ಮೂರು ದಿನ ಮೊದಲಿನಿಂದ ಆಸ್ಪಿರಿನ್ ತಗೋಬೇಡಿ. ಹೊಟ್ಟೆ ತುಂಬ ತಿಂಡಿ ತಿಂದು ಬನ್ನಿ.