ಜಪ್ಪಯ್ಯ ಅಂದರೂ ಜಗ್ಗದ ಪ್ಲಗ್ಗು

ಭಾವನ ಸಿಎನ್‌ಜಿ ಗೂಡ್ಸ್ ಗಾಡಿ ಹತ್ತು ದಿನದಿಂದ ಕುಂಟುತ್ತಿತ್ತು. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲೋಡ್ ಮಾಡಿಕೊಂಡು ಮೈಸೂರಿಗೆ ಹೊರಟರೆ ಸಣ್ಣ ಏರಿಗೂ ಎಂಜಿನ್ ಗಡಗಡ ನಡುಗುವುದು, ಪಿಕಪ್ಪೇ ಇಲ್ಲ. "ಮಿಸ್ಸಿಂಗ್ ಹೊಡೀತಾ ಅದೆ ಕಣೋ" ಅಂದರು. ಯಾವುದೋ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತುತ್ತಿಲ್ಲ ಅಂತ ಅದರರ್ಥ. ಇಂಧನಕ್ಕೆ ಕಿಡಿ ಹಚ್ಚುವ ಸ್ಪಾರ್ಕ್ ಪ್ಲಗ್ ಬದಲಾಯಿಸೋಣವೆಂದು ಶನಿವಾರ ಮಧ್ಯಾಹ್ನ ಮಂಡ್ಯದ ಮನೆಯಂಗಳದಲ್ಲಿ ಗಾಡಿ ನಿಲ್ಲಿಸಿ, ಸೀಟು ಎತ್ತಿ ಕೂತೆವು. ನಾಲ್ಕರಲ್ಲಿ ಮೂರು ಸಲೀಸಾಗಿ ಬಂದವು. ಎರಡನೇ ಸಿಲಿಂಡರಿನದು ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ನಾಲ್ಕನ್ನೂ ಒಂದೇ ದಿನ ಹಾಕಿದ್ದು, ನಾಲ್ಕೂ ಒಂದೇ ದಾರಿ ಓಡಿದ್ದು. ಇದೊಂದಕ್ಕೆ ಏನಾಯಿತು?

ಕಬ್ಬು ಹೊತ್ತು ಸಕ್ಕರೆ ಕಾರ್ಖಾನೆಗೆ ಹೋಗುವ ಡೀಸೆಲ್ ಲಾರಿಗಳಿಗೆ ಈ ತೊಂದರೆಯಿಲ್ಲ. ಅವುಗಳಲ್ಲಿ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ. ಗಾಳಿಯನ್ನು ಒತ್ತಿದಾಗ ಏರುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಪೆಟ್ರೋಲು, ಸಿಎನ್‌ಜಿ ಗಾಡಿಗಳಿಗೆ ಕಿಡಿ ಬೇಕು. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಸಾವಿರಾರು ವೋಲ್ಟಿಗೆ ಏರಿಸುತ್ತದೆ, 20,000 ದಾಟುವುದೂ ಉಂಟು. ಆ ಒತ್ತಡಕ್ಕೆ ಪ್ಲಗ್ಗಿನ ತುದಿಯಲ್ಲಿ ಸುಮಾರು ಒಂದು ಮಿಲಿಮೀಟರಿನ ಸಂದಿಯನ್ನು ಕಿಡಿ ಹಾರುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 25 ಸಲ ಕಿಡಿ ಕೊಡಬೇಕು. ಮಂಡ್ಯದಿಂದ ಮೈಸೂರಿಗೆ ಒಂದು ಗಂಟೆ ಅಂದುಕೊಂಡರೆ 90,000 ಕಿಡಿ! ಪ್ರತಿ ಕಿಡಿಯೂ ಲೋಹದ ಒಂದು ಕಣ ತಿನ್ನುತ್ತದೆ, ಸಂದಿ ಅಗಲವಾಗುತ್ತದೆ, ಕೊನೆಗೊಂದು ದಿನ ಕಿಡಿ ಹಾರುವುದೇ ತಪ್ಪುತ್ತದೆ.

ಹೆಚ್ಚು ವೋಲ್ಟಿನ ಮ್ಯಾಗ್ನೆಟೋ (ಎಂಜಿನ್ ತಿರುಗಿದಂತೆ ಕಿಡಿಗೆ ಬೇಕಾದ ಕರೆಂಟು ಹುಟ್ಟಿಸುವ ಸಾಧನ) ಜೊತೆಗೆ ಇಂಥ ಪ್ಲಗ್ಗನ್ನು ಬಾಷ್ ಕಂಪನಿಯ ಎಂಜಿನಿಯರ್ ಗಾಟ್‌ಲಾಬ್ ಹೊನೊಲ್ಡ್ ರೂಪಿಸಿದ್ದು 1902ರಲ್ಲಿ. ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದೂ ಅದೇ ವರ್ಷ. ಸುಮಾರು 150 ಕಿಲೋಮೀಟರಿನ ಆ ತಂತಿಯಾಗಲಿ, ಹೆಬ್ಬೆರಳು ಗಾತ್ರದ ಪ್ಲಗ್ಗಾಗಲಿ, ಕರೆಂಟು ಅಡ್ಡದಾರಿ ಹಿಡಿಯದಂತೆ ತಡೆಯುವುದು ಪಿಂಗಾಣಿ ಜಾತಿಯ ವಸ್ತುವೇ. ಇವತ್ತಿನ ಪ್ಲಗ್ಗಿನ ಆ ಬಿಳಿ ಭಾಗ ಬಹುಪಾಲು ಅಲ್ಯೂಮಿನಿಯಂ ಆಕ್ಸೈಡ್. ಈ ಹೆಸರು ನೆನಪಿರಲಿ, ಮತ್ತೆ ಬರುತ್ತದೆ.

ಪ್ಲಗ್ಗಿನ ಹೊರಮೈ ಉಕ್ಕು. ಅದು ಕೂರುವ ಎಂಜಿನ್ ಹೆಡ್ಡು, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳದಂಥ ಭಾಗ, ಅಲ್ಯೂಮಿನಿಯಂ. ಎರಡು ಬೇರೆ ಲೋಹ ಅಂಟಿಕೊಂಡು ಕೂತು, ನಡುವೆ ಸ್ವಲ್ಪ ನೀರು, ಅದರಲ್ಲೊಂದಿಷ್ಟು ಉಪ್ಪಿನಂಶ ಸೇರಿದರೆ ಅದೇ ಒಂದು ಪುಟ್ಟ ಬ್ಯಾಟರಿ. ಈ ಜೋಡಿಯಲ್ಲಿ ಸವೆಯುವ ಸರದಿ ಅಲ್ಯೂಮಿನಿಯಂನದು. ಸವೆದದ್ದು ಆಕ್ಸೈಡಾಗಿ, ಹೈಡ್ರಾಕ್ಸೈಡಾಗಿ ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಆಕ್ಸೈಡ್ ಒಂದನ್ನೇ ಲೆಕ್ಕ ಹಾಕಿದರೂ ಕಾಲು ಭಾಗಕ್ಕಿಂತ ಹೆಚ್ಚು. ಥ್ರೆಡ್ಡಿನ, ಅಂದರೆ ತಿರುಪಿನ ಸುತ್ತುಗಳ, ಸಂದಿಯಲ್ಲಿ ಜಾಗ ಎಲ್ಲಿಂದ ಬರಬೇಕು? ಹಾಗಾಗಿ ಅದು ಬೆಣೆ ಹೊಡೆದ ಹಾಗೆ ಬಿಗಿದುಕೊಳ್ಳುತ್ತದೆ. ಮೇಲ್ಗಡೆ ಕರೆಂಟನ್ನು ತಡೆದು ಪ್ಲಗ್ಗಿಗೆ ಜೀವ ಕೊಡುವ ವಸ್ತುವಿನ ಬಳಗದ್ದೇ ಕೆಳಗಡೆ ಅದನ್ನು ಹಿಡಿದು ಬಿಡದೆ ಕೂತಿರುತ್ತದೆ. ನನಗಂತೂ ಇದು ಇವತ್ತಿಗೂ ಸೋಜಿಗ.

ಭಾವ ಪಾನಾ ಹಿಡಿಕೆಗೆ ಉದ್ದದ ಪೈಪು ಸಿಕ್ಕಿಸಲು ಹೊರಟರು. "ಇನ್ನೊಂದೇಟು ಎಳೆದ್ರೆ ಬತ್ತದೆ ಬಿಡು."

"ಬ್ಯಾಡ ಭಾವ. ಕಿರುಗುಟ್ತಾ ಅದೆ ನೋಡಿ, ಥ್ರೆಡ್ ಕಿತ್ಕೊಂಡು ಬಂದ್ಬಿಡ್ತದೆ."

ಆ ಕಿರುಗುಟ್ಟುವ ಸದ್ದನ್ನು ಕೇಳಿಸಿಕೊಳ್ಳಲೇಬೇಕು. ಗಟ್ಟಿ ಪುಡಿ ಮೆದು ಅಲ್ಯೂಮಿನಿಯಂ ಥ್ರೆಡ್ಡನ್ನು ಕೆರೆಯುತ್ತಿದೆ ಎಂಬುದರ ಸುಳಿವು ಅದು. ಉದ್ದ ಹಿಡಿಕೆ ಹಾಕಿದರೆ ಬಲ ಹೆಚ್ಚುತ್ತದೆ ನಿಜ, ಆದರೆ ಉಕ್ಕು ಗೆದ್ದು ಅಲ್ಯೂಮಿನಿಯಂ ಸೋಲುತ್ತದೆ. ಕೆಲವು ನೂರು ರೂಪಾಯಿಯ ಪ್ಲಗ್ಗಿಗಾಗಿ ಹೆಡ್ ಬಿಚ್ಚಿ ಲೇತ್‌ಗೆ ಹೊತ್ತು ಹೊಸ ಥ್ರೆಡ್ಡಿನ ಬುಷ್ ಹಾಕಿಸುವ ಪಾಡು ಬರುತ್ತದೆ.

ಬಿಸಿ ಮಾಡಿದರೆ ಸಡಿಲವಾಗುವುದಿಲ್ಲವೇ? ಎತ್ತಿನ ಗಾಡಿಯ ಚಕ್ರಕ್ಕೆ ಕಮ್ಮಾರರು ಕಬ್ಬಿಣದ ಪಟ್ಟಿ ಹಾಕುವುದನ್ನು ಕಂಡವರಿಗೆ ಈ ಪ್ರಶ್ನೆ ಸಹಜ. ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ, ಮರದ ಚಕ್ರದ ಮೇಲೆ ಕೂರಿಸಿ ನೀರು ಹೊಯ್ದರೆ ಕುಗ್ಗಿ ಕಚ್ಚಿಕೊಳ್ಳುತ್ತದೆ. ಇಲ್ಲಿಯೂ ಅದೇ ನಿಯಮ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 14 ಮಿಲಿಮೀಟರ್ ಅಗಲದ ಪ್ಲಗ್ಗು, 60 ಡಿಗ್ರಿ ಬಿಸಿ ಏರಿತು ಅನ್ನಿ: ತೂತು ಪ್ಲಗ್ಗಿಗಿಂತ ಸುಮಾರು 9 ಮೈಕ್ರಾನ್ ಹೆಚ್ಚು ಹಿಗ್ಗುತ್ತದೆ. ತಲೆಗೂದಲ ದಪ್ಪದ ಒಂದು ಸಣ್ಣ ಪಾಲು ಅಷ್ಟೆ. ಪ್ಲಗ್ ತಿರುಗಿಸಲು ಅದನ್ನು ನೆಚ್ಚಿಕೊಳ್ಳುವಂತಿಲ್ಲ, ಎಣ್ಣೆ ಇಳಿಯಲು ಧಾರಾಳ ಸಾಕು.

ಅಮೆರಿಕದಲ್ಲಿ 2004ರಿಂದ 2008ರವರೆಗಿನ ಫೋರ್ಡ್ ಪಿಕಪ್ ಟ್ರಕ್ಕುಗಳ 5.4 ಲೀಟರ್ ಎಂಜಿನ್ ಈ ವಿಚಾರದಲ್ಲಿ ಹೆಸರುವಾಸಿ. ಅದರ ಪ್ಲಗ್ಗಿಗೆ ಥ್ರೆಡ್ಡಿನ ಕೆಳಗೆ ಉದ್ದನೆಯ ಕೊಳವೆಯಿತ್ತು. ಸುತ್ತ ಇಂಧನ ಉರಿದ ಕರಿ ಗಟ್ಟಿಯಾಗಿ ಕಚ್ಚಿಕೊಂಡು, ಬಿಚ್ಚುವಾಗ ಪ್ಲಗ್ಗೇ ಎರಡು ತುಂಡಾಗಿ ಕೆಳಗಿನದು ಒಳಗೇ ಉಳಿಯುತ್ತಿತ್ತು. ಕಂಪನಿ ಮೆಕ್ಯಾನಿಕ್‌ಗಳಿಗೆ ಹೇಳಿದ್ದು ಇಷ್ಟು: ಎಂಜಿನ್ ಪೂರ್ತಿ ತಣ್ಣಗಾಗಲಿ, ಸ್ವಲ್ಪವೇ ತಿರುಗಿಸಿ, ಕರಿ ಕರಗಿಸುವ ದ್ರಾವಣ ತುಂಬಿ ನೆನೆಸಿ, ಆಮೇಲೆ ಹಿಂದೆ ಮುಂದೆ ಆಡಿಸುತ್ತಾ ಬನ್ನಿ. ಬಿಸಿಯಲ್ಲಿ ತೆಗೆದರೆ ಹೆಡ್ಡಿನ ಥ್ರೆಡ್ ಹಾಳಾಗುವ ಸಂಭವ ಹೆಚ್ಚು.

ನಾವು ಬಿಸಿ, ತಂಪು ಎರಡನ್ನೂ ಬಳಸಿಕೊಂಡೆವು. ಗಾಡಿ ಓಡಿಸಿ ತಂದದ್ದರಿಂದ ಎಂಜಿನ್ ಇನ್ನೂ ಬೆಚ್ಚಗಿತ್ತು, ಕೈಯಿಟ್ಟರೆ ತಾಳುವಷ್ಟು. ಸಿಎನ್‌ಜಿ ವಾಲ್ವ್ ಮುಚ್ಚಿ, ಬ್ಯಾಟರಿ ಟರ್ಮಿನಲ್ ಬಿಚ್ಚಿದ್ದಾಗಿತ್ತು. ಪ್ಲಗ್ಗು ಕೂತಿರುವ ಗುಳಿಯ ಧೂಳನ್ನು ಸೈಕಲ್ ಪಂಪಿನಿಂದ ಊದಿ ತೆಗೆದೆವು, ಮಣ್ಣು ಸಿಲಿಂಡರಿಗೆ ಬೀಳಬಾರದಲ್ಲ. ಆಮೇಲೆ ತುಕ್ಕು ಬಿಡಿಸುವ ತೆಳು ಎಣ್ಣೆ, ಹತ್ತಿಪ್ಪತ್ತು ಹನಿ. ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ಅದು ಸಂದಿಗೆ ತಾನಾಗಿ ಇಳಿಯುತ್ತದೆ. ಸಂದಿ ಕಿರಿದಾದಷ್ಟೂ ಸೆಳೆತ ಜಾಸ್ತಿ. ಬಿಸಿಗೆ ಎಣ್ಣೆ ಇನ್ನಷ್ಟು ತೆಳುವಾಗುತ್ತದೆ. ಆದರೆ ಈ ಸೆಳೆತಕ್ಕೆ ಅವಸರವಿಲ್ಲ, ಹಾಗಾಗಿ ರಾತ್ರಿಯಿಡೀ ಬಿಟ್ಟೆವು.

ಬೆಳಿಗ್ಗೆ, ತಣ್ಣಗಿನ ಎಂಜಿನ್. ಪಾನಾ ಹಾಕಿ ನಿಧಾನ ಒತ್ತಿದೆ. ಟಕ್ ಅಂತ ಒಂದು ಕೂದಲೆಳೆಯಷ್ಟು ಸರಿಯಿತು. ಮತ್ತೆ ಕಿರ್ ಅಂದಿತು. ಅಲ್ಲಿಗೇ ನಿಲ್ಲಿಸಿ, ವಾಪಸ್ ಬಿಗಿದು, ಎರಡು ಹನಿ ಹಾಕಿ ಮತ್ತೆ ಬಿಚ್ಚಿದೆ. ಹಿಂದಕ್ಕೆ ತಿರುಗಿಸಿದಾಗ ಪುಡಿ ನುರಿದು ಎಣ್ಣೆಯಲ್ಲಿ ಬೆರೆಯುತ್ತದೆ. ಒಂದೇ ದಿಕ್ಕಿಗೆ ಎಳೆದರೆ ಅದೇ ಪುಡಿ ಮುಂದೆ ಮುಂದೆ ಒತ್ತಿಕೊಂಡು ಹೋಗಿ ಪೂರ್ತಿ ಜಾಮ್ ಆಗುತ್ತದೆ. ಮುಕ್ಕಾಲು ಗಂಟೆ ಹಿಡಿಯಿತು. ಹೊರಬಂದ ಪ್ಲಗ್ಗಿನ ಮೇಲಿನ ಮೂರ್ನಾಲ್ಕು ಸುತ್ತು ಥ್ರೆಡ್ಡಿನಲ್ಲಿ ಎಣ್ಣೆಯಲ್ಲಿ ಕಲಸಿದ ಸುಣ್ಣದಂಥ ಬಿಳಿ, ಕೆಳಗೆ ಕಪ್ಪು ಕರಿ. ಹೆಡ್ಡಿನ ಥ್ರೆಡ್ ಮಾತ್ರ ಹೊಳೆಯುತ್ತಿತ್ತು.

ಗುಳಿ, ಥ್ರೆಡ್ ಬಟ್ಟೆಯಲ್ಲಿ ಒರೆಸಿ, ಹೊಸ ಪ್ಲಗ್ಗಿನ ತಲೆಗೆ ರಬ್ಬರ್ ಟ್ಯೂಬಿನ ತುಂಡು ಸಿಕ್ಕಿಸಿ ಬೆರಳಿನಿಂದಲೇ ತಿರುಗಿಸಿದೆವು. ಥ್ರೆಡ್ ಓರೆಯಾಗಿ ಕೂತರೆ ರಬ್ಬರೇ ಜಾರುತ್ತದೆ, ಅನಾಹುತವಾಗುವುದಿಲ್ಲ. ವಾಷರ್ ಇರುವ ಹೊಸ ಪ್ಲಗ್ಗು ಕೈಯಲ್ಲಿ ಬಿಗಿಯಾದ ಮೇಲೆ ಪಾನಾದಲ್ಲಿ ಅರ್ಧ ಸುತ್ತು, ಹೆಚ್ಚೆಂದರೆ ಮೂರನೇ ಎರಡು ಸುತ್ತು ಸಾಕು. 30 ಸೆಂಟಿಮೀಟರ್ ಹಿಡಿಕೆಯ ತುದಿಯಲ್ಲಿ ಹೆಚ್ಚುಕಡಿಮೆ 10 ಕಿಲೋ ತೂಗಿದ ಬಲ. ಥ್ರೆಡ್ಡಿಗೆ ಎಣ್ಣೆ, ಗ್ರೀಸ್ ಬೇಡ; ಜಾರುವ ಥ್ರೆಡ್ಡಿನಲ್ಲಿ ಅದೇ ಬಲ ಲೆಕ್ಕಕ್ಕಿಂತ ಹೆಚ್ಚು ಬಿಗಿದುಬಿಡುತ್ತದೆ.

ಕೊನೆಗೆ ಪ್ಲಗ್ಗಿನ ಮೇಲೆ ಅದರ ಕಾಯಿಲ್ ಕೂರಿಸಲು ಹೋದಾಗ ಭಾವ ಕಾಯಿಲ್ ತಲೆಯ, ಗುಳಿಯ ಬಾಯಿ ಮುಚ್ಚುವ ರಬ್ಬರ್ ಮುಚ್ಚಳ ತಿರುಗಿಸಿ ತೋರಿಸಿದರು. ಉಗುರು ಹೋಗುವಷ್ಟು ಸೀಳಿತ್ತು. ಮಿಕ್ಕ ಮೂರೂ ಗಟ್ಟಿಯಾಗಿದ್ದವು. ವಾರಕ್ಕೊಮ್ಮೆ ವಾಟರ್ ಸರ್ವಿಸ್ ಮಾಡಿಸುವಾಗ ಪೈಪಿನ ರಭಸಕ್ಕೆ ನೀರು ಇಳಿಯುತ್ತಿದ್ದದ್ದು ಆ ಸೀಳಿನಿಂದ. ಇಳಿದ ನೀರಿಗೆ ಹೊರದಾರಿಯಿಲ್ಲದೆ ಗುಳಿಯಲ್ಲೇ ನಿಂತಿತ್ತು. ಭಾವ ಪೇಟೆಗೆ ಹೋಗಿ ಹೊಸ ರಬ್ಬರ್ ತಂದ ಮೇಲೆಯೇ ಸೀಟು ಇಳಿಸಿದ್ದು.