ಸೀಮಿತ ಆವೃತ್ತಿಯ ಸೇನಾ ಪಿಸ್ತೂಲಿಗೆ ಬೆಲೆ ಕಟ್ಟುವ ಬಗೆ

‘ಸೀಮಿತ ಆವೃತ್ತಿ’ ಎಂದು ಪೆಟ್ಟಿಗೆಯ ಮೇಲೆ ಅಚ್ಚಾದ ಪಿಸ್ತೂಲನ್ನು ಮೌಲ್ಯಮಾಪನಕ್ಕೆ ತರುವವರು ಸಾಮಾನ್ಯವಾಗಿ ಅಂಥವು ಒಟ್ಟು ಎಷ್ಟು ತಯಾರಾದವು ಎಂಬುದನ್ನೇ ಮೊದಲು ಹೇಳುತ್ತಾರೆ. ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ಇದನ್ನು ಯಾರಿಗಾಗಿ ತಯಾರಿಸಲಾಯಿತು, ಸೈನಿಕನ ಸೊಂಟಕ್ಕಾಗಿಯೋ, ಸಂಗ್ರಾಹಕನ ಕಪಾಟಿಗಾಗಿಯೋ? ಅಮೆರಿಕದ ಸಂಗ್ರಾಹಕರ ಮಾರುಕಟ್ಟೆಯಲ್ಲಿ ಈ ಎರಡು ವರ್ಗಗಳ ಬೆಲೆ ಬೇರೆ ಬೇರೆ ಕಾರಣಗಳಿಂದ ಏರಿಳಿಯುತ್ತದೆ. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆದಾಗಲೇ ಮಾಲೀಕರ ನಿರೀಕ್ಷೆಗೂ ಹರಾಜಿನಲ್ಲಿ ಸಿಗುವ ಹಣಕ್ಕೂ ದೊಡ್ಡ ಅಂತರ ಬೀಳುತ್ತದೆ.

ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ, 1911ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ .45 ಕ್ಯಾಲಿಬರ್‌ನ ಎಂ1911 ಪಿಸ್ತೂಲನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದರ ಸುಧಾರಿತ ಎ1 ರೂಪವನ್ನು ಕೋಲ್ಟ್ ಕಂಪನಿಯ ಜೊತೆಗೆ ಟೈಪ್‌ರೈಟರ್ ತಯಾರಿಸುತ್ತಿದ್ದ ರೆಮಿಂಗ್ಟನ್ ರ‍್ಯಾಂಡ್, ರೈಲ್ವೆ ಸಿಗ್ನಲ್ ತಯಾರಿಸುತ್ತಿದ್ದ ಯೂನಿಯನ್ ಸ್ವಿಚ್ ಆ್ಯಂಡ್ ಸಿಗ್ನಲ್, ಬೇಟೆ ಬಂದೂಕುಗಳ ಇಥಾಕಾ ಕಂಪನಿಗಳೂ ತಯಾರಿಸಿದವು. ಹೊಲಿಗೆ ಯಂತ್ರದ ಸಿಂಗರ್ ಕಂಪನಿ ಪ್ರಾಯೋಗಿಕ ಆದೇಶದ ಮೇಲೆ ತಯಾರಿಸಿದ್ದು 500 ಮಾತ್ರ. ಇಂದು ಈ ಕ್ಷೇತ್ರದಲ್ಲಿ ಅತ್ಯಂತ ದುಬಾರಿ ಎನಿಸಿಕೊಂಡಿರುವವುಗಳಲ್ಲಿ ಅದೂ ಒಂದು. ಇಲ್ಲಿಯವರೆಗೆ ಸಂಖ್ಯೆಯ ವಾದ ಸರಿಯಾಗಿಯೇ ಕಾಣುತ್ತದೆ. ಆದರೆ ಕೋಲ್ಟ್ ಕಂಪನಿ ಮೊದಲನೆಯ ಮಹಾಯುದ್ಧದ ನೆನಪಿಗೆಂದು 1967ರಿಂದ 1969ರವರೆಗೆ ಹೊರತಂದ ನಾಲ್ಕು ಕದನಗಳ ಸರಣಿಯನ್ನು ನೋಡಿ. ಶಾತೋ ಥಿಯೆರಿ, ಬೆಲ್ಲೋ ವುಡ್, ಮಾರ್ನ್‌ನ ಎರಡನೆಯ ಕದನ, ಮ್ಯೂಸ್-ಆರ್ಗೋನ್ ಎಂಬ ಈ ನಾಲ್ಕರಲ್ಲಿಯೂ ಸಾಮಾನ್ಯ ದರ್ಜೆಯವು ತಲಾ 7,400 ತಯಾರಾದವು. ಯೂನಿಯನ್ ಸ್ವಿಚ್ ತಯಾರಿಸಿದ್ದು ಸುಮಾರು 55,000. ಹಾಗಿದ್ದರೂ ಮೂಲ ಸ್ಥಿತಿಯಲ್ಲಿ ಉಳಿದುಬಂದ ಯೂನಿಯನ್ ಸ್ವಿಚ್ ಪಿಸ್ತೂಲು ಈ ಸ್ಮರಣಾರ್ಥ ಪಿಸ್ತೂಲಿಗಿಂತ ಎಷ್ಟೋ ಹೆಚ್ಚು ಬೆಲೆಗೆ ಹೋಗುತ್ತದೆ.

ಕಾರಣವಿಷ್ಟೆ: ಬೆಲೆಯನ್ನು ನಿರ್ಧರಿಸುವುದು ಮೂಲ ಸ್ಥಿತಿಯಲ್ಲಿ ಎಷ್ಟು ಉಳಿದಿವೆ ಎಂಬುದು ಮತ್ತು ಅವುಗಳನ್ನು ಎಷ್ಟು ಮಂದಿ ಬಯಸುತ್ತಾರೆ ಎಂಬುದು. ಯುದ್ಧಕ್ಕೆ ಹೋದ ಪಿಸ್ತೂಲುಗಳು ಕೆಸರಿನಲ್ಲಿ ಸವೆದವು, ಕಳೆದುಹೋದವು, ಸೇನಾ ಕಾರ್ಯಾಗಾರಗಳಲ್ಲಿ ಬಿಚ್ಚಿ ಮರುಜೋಡಣೆಗೊಂಡವು. ಸ್ಮರಣಾರ್ಥ ಪಿಸ್ತೂಲುಗಳನ್ನಾದರೋ ಕೊಂಡವರಲ್ಲಿ ಬಹುಪಾಲು ಮಂದಿ ಮುಂದೆ ಬೆಲೆ ಬರುತ್ತದೆಂದು ಮುಟ್ಟದೆ ಜೋಪಾನ ಮಾಡಿದರು. ಅದರಿಂದಾಗಿ ಅರ್ಧ ಶತಮಾನದ ಬಳಿಕವೂ ಹೊಸದರಂತಿರುವವು ಹರಾಜಿಗೆ ಬರುತ್ತಲೇ ಇರುತ್ತವೆ. ಕಂಪನಿ ಮೊದಲ ದಿನವೇ ಘೋಷಿಸಿದ ಕೊರತೆಗಿಂತ ಕಾಲವು ತಾನಾಗಿ ಉಂಟುಮಾಡಿದ ಕೊರತೆಯನ್ನು ನಾನು ಹೆಚ್ಚು ನಂಬುತ್ತೇನೆ.

ಇದೇ ಕಾರಣದಿಂದ ‘ಸ್ಥಿತಿ’ ಎಂಬುದನ್ನೂ ಎರಡು ವರ್ಗಗಳಲ್ಲಿ ಎರಡು ರೀತಿಯಲ್ಲಿ ಅಳೆಯಬೇಕಾಗುತ್ತದೆ. ಸ್ಮರಣಾರ್ಥ ಪಿಸ್ತೂಲಿಗೆ ಮಧ್ಯದ ಮೆಟ್ಟಿಲುಗಳಿಲ್ಲವೆಂದೇ ಹೇಳಬೇಕು. ಗುಂಡು ಹಾರಿಸಿಲ್ಲ, ಪೆಟ್ಟಿಗೆ ಇದೆ, ಪ್ರಮಾಣಪತ್ರ ಇದೆ, ಪೆಟ್ಟಿಗೆಯ ಚೀಟಿಯ ಮೇಲಿನ ಕ್ರಮಸಂಖ್ಯೆ ಪಿಸ್ತೂಲಿನ ಮೇಲಿನದಕ್ಕೆ ಹೊಂದುತ್ತದೆ ಎಂದಾದರೆ ಅದು ಪೂರ್ಣ ವಸ್ತು. ಇವುಗಳಲ್ಲಿ ಒಂದು ತಪ್ಪಿದರೂ ಸಂಗ್ರಾಹಕ ಹಿಂದೆ ಸರಿಯುತ್ತಾನೆ, ಆಗ ಉಳಿಯುವುದು ಗುರಿ ಅಭ್ಯಾಸಕ್ಕೆ ಬಳಸುವವನು ಕೊಡುವ ಬೆಲೆ ಮಾತ್ರ. ಗುಂಡು ಹಾರಿಸಲಾಗಿದೆಯೇ ಎಂಬುದರ ಬಗ್ಗೆ ಬ್ಯಾರೆಲ್‌ನ (ನಳಿಕೆಯ) ಹಿಂಬದಿಯ ಮುಖ, ಅದರ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡ್‌ನ ಒಳಭಾಗ, ಗುಂಡು ತುಂಬುವ ಮ್ಯಾಗಜಿನ್‌ನ ಬಾಯಿಯ ಅಂಚುಗಳು ಇವು ಸುಳ್ಳು ಹೇಳುವುದಿಲ್ಲ. ಕಾರ್ಖಾನೆಯ ಪರೀಕ್ಷೆಯಲ್ಲಿಯೂ ಒಂದಷ್ಟು ಗುಂಡು ಹಾರಿಸುವುದರಿಂದ ಅಲ್ಪಸ್ವಲ್ಪ ಗುರುತು ಇರುವುದು ಸಹಜ. ಬ್ಯಾರೆಲ್‌ನ ಮೇಲ್ಮೈಯಲ್ಲಿ ಲೇಪ ಸವೆದು ಲೋಹ ಹೊಳೆಯುತ್ತಿದ್ದರೆ ಅದು ಬಳಕೆಯ ಗುರುತು. ಮರದ ಪೆಟ್ಟಿಗೆಯೊಳಗಿನ ಮಖಮಲ್ಲಿನ ಮೇಲೆ ವರ್ಷಗಟ್ಟಲೆ ಮಲಗಿದ ಪಿಸ್ತೂಲಿನ ಕೆಳಬದಿಯನ್ನು ತಪ್ಪದೆ ತಿರುಗಿಸಿ ನೋಡಬೇಕು, ಏಕೆಂದರೆ ಬಟ್ಟೆ ತೇವವನ್ನು ಹಿಡಿದಿಟ್ಟು ಕಾಣದ ಕಡೆ ತುಕ್ಕು ಹಿಡಿಸಿರಬಹುದು.

ಸೇವೆಯಿಂದ ಬಂದ ಪಿಸ್ತೂಲಿನಲ್ಲಿ ಸವಕಳಿ ದೋಷವಲ್ಲ, ಸವಕಳಿಯನ್ನು ಮುಚ್ಚುವುದು ದೋಷ. ಸೊಂಟದ ಚೀಲಕ್ಕೆ (ಹೋಲ್‌ಸ್ಟರ್‌ಗೆ) ಉಜ್ಜಿ ಸ್ಲೈಡ್‌ನ ಮುಂಭಾಗದ ಲೇಪ ಮಾಸಿದ್ದರೆ ಅದಕ್ಕೆ ಸ್ವಲ್ಪ ಬೆಲೆ ಕಡಿಮೆಯಾಗಬಹುದು. ಅದನ್ನು ‘ಸರಿಪಡಿಸಲು’ ಪಾಲಿಶ್ ಮಾಡಿಸಿ ಹೊಸ ಲೇಪ ಹಾಕಿಸಿದರೆ ಬೆಲೆಯ ಬಹುಭಾಗ ಅಲ್ಲಿಗೇ ಹೋಗುತ್ತದೆ. ಪಾಲಿಶ್ ಮಾಡಿದ ಲೋಹದಲ್ಲಿ ಅಕ್ಷರಗಳ ಅಂಚು ಮೃದುವಾಗಿರುತ್ತದೆ, ಮುದ್ರೆಯ ಸುತ್ತ ಉಬ್ಬಿ ನಿಂತಿರಬೇಕಾದ ಲೋಹ ಮಟ್ಟಸವಾಗಿರುತ್ತದೆ. ಭೂತಗನ್ನಡಿಯ ಕೆಳಗೆ ಇದನ್ನು ಗುರುತಿಸುವುದು ಕಷ್ಟವಲ್ಲ.

ಎಂ1911ರಲ್ಲಿ ಹಲವು ಜರ್ಮನ್ ಪಿಸ್ತೂಲುಗಳಂತೆ ಸಣ್ಣಪುಟ್ಟ ಭಾಗಗಳ ಮೇಲೆಲ್ಲ ಕ್ರಮಸಂಖ್ಯೆ ಇರುವುದಿಲ್ಲ. ಲ್ಯೂಗರ್ ಪಿ08 ಆದರೆ ಸಂಖ್ಯೆಗಳು ಪರಸ್ಪರ ಹೊಂದುತ್ತವೆಯೇ ಎಂಬುದೇ ಬೆಲೆಯ ತಿರುಳು. ಎಂ1911ರಲ್ಲಿ ನೋಡಬೇಕಾದ್ದು ಭಾಗಗಳು ಒಂದೇ ಕಾಲಕ್ಕೆ, ಒಂದೇ ತಯಾರಕನಿಗೆ ಸೇರಿದವೇ ಎಂಬುದನ್ನು. ರೆಮಿಂಗ್ಟನ್ ರ‍್ಯಾಂಡ್ ಫ್ರೇಮಿನ (ಹಿಡಿಕೆಯೂ ಸೇರಿದ ಕೆಳಭಾಗದ) ಮೇಲೆ ಸರ್ಕಾರಿ ತಪಾಸಣಾಧಿಕಾರಿ ಫ್ರ್ಯಾಂಕ್ ಜೆ. ಆಟ್‌ವುಡ್ ಅವರ ‘ಎಫ್‌ಜೆಎ’ ಮುದ್ರೆ, ಅದರ ಬ್ಯಾರೆಲ್ ಮೇಲೆ ಹೈ ಸ್ಟ್ಯಾಂಡರ್ಡ್ ಕಂಪನಿಯ ‘ಎಚ್‌ಎಸ್’ ಗುರುತು ಇರುವುದು ಸರಿಯಾದ ಜೋಡಣೆ. ‘ಎಎ’ ಎಂದಿದ್ದರೆ ಆಗಸ್ಟಾ, ‘ಆರ್‌ಐಎ’ ಎಂದಿದ್ದರೆ ರಾಕ್ ಐಲೆಂಡ್ ಸೇನಾ ಕಾರ್ಯಾಗಾರದಲ್ಲಿ ಅದು ಮರುಜೋಡಣೆ ಕಂಡಿದೆ ಎಂದರ್ಥ. ಅಂಥದ್ದರಲ್ಲಿ ಒಬ್ಬರ ಸ್ಲೈಡ್, ಇನ್ನೊಬ್ಬರ ಫ್ರೇಮ್ ಇದ್ದರೆ ಮೋಸವೆಂದು ಭಾವಿಸಬೇಕಿಲ್ಲ. ಅದು ಸೇನೆಯೇ ಮಾಡಿದ ಕೆಲಸ, ಅದಕ್ಕೂ ತನ್ನದೇ ಆದ ಖರೀದಿದಾರರಿದ್ದಾರೆ. ನಾಗರಿಕರಿಗೆ ಗುರಿ ಅಭ್ಯಾಸ ಕಲಿಸುವ ಸಂಸ್ಥೆಯಾದ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ 2018ರಿಂದ ಸೇನೆಯ ಹಳೆಯ ಎಂ1911ಗಳನ್ನು ಚೀಟಿ ಎತ್ತುವ ಕ್ರಮದಲ್ಲಿ ಮಾರತೊಡಗಿದಾಗ ಅದರ ಮೂರು ದರ್ಜೆಗಳಿಗೆ 850, 950, 1,050 ಡಾಲರ್ ಬೆಲೆಯಿತ್ತು. ಅಲ್ಲಿಂದ ಬಂದ ಪಿಸ್ತೂಲಿನ ಜೊತೆಗಿನ ಕಾಗದಪತ್ರಗಳನ್ನು ಯಾರೂ ಬಿಸಾಡಬಾರದು, ಏಕೆಂದರೆ ಸೇನೆಯ ದಾಸ್ತಾನಿನಿಂದ ಬಂದದ್ದೆಂಬುದಕ್ಕೆ ಅದಕ್ಕಿಂತ ಗಟ್ಟಿಯಾದ ಪುರಾವೆ ಸಿಗುವುದು ಕಷ್ಟ.

ಈಚಿನ ಪಿಸ್ತೂಲುಗಳಲ್ಲಿ ಪ್ರಶ್ನೆ ಇನ್ನಷ್ಟು ಜಟಿಲವಾಗಿದೆ. 2017ರ ಜನವರಿಯಲ್ಲಿ ಅಮೆರಿಕದ ಸೇನೆ ಬೆರೆಟಾ ಎಂ9ರ ಜಾಗಕ್ಕೆ ಸಿಗ್ ಸಾವರ್ ಕಂಪನಿಯ ಪಿ320 ಆಧಾರಿತ ಎಂ17 ಅನ್ನು ಆರಿಸಿತು. ಬಳಿಕ ಕಂಪನಿಯು ಸೇನೆಗೆ ಕೊಟ್ಟ ರೂಪದಲ್ಲಿಯೇ 5,000 ಸ್ಮರಣಾರ್ಥ ಪಿಸ್ತೂಲುಗಳನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡಿತು. ಸೇನೆಯಲ್ಲಿ ನಿಜವಾಗಿ ಬಳಕೆಯಾದ ಕೆಲವು ಎಂ17ಗಳೂ ಬೇರೆ ದಾರಿಯಲ್ಲಿ ನಾಗರಿಕರ ಕೈಸೇರಿವೆ. ಗೀರು ಬಿದ್ದ, ಬಣ್ಣ ಮಾಸಿದ ಈ ಎರಡನೆಯವೇ ದೀರ್ಘಕಾಲದಲ್ಲಿ ಹೆಚ್ಚು ಬೆಲೆ ಬಾಳುತ್ತವೆ ಎಂಬುದು ನನ್ನ ಅಭಿಪ್ರಾಯ. ಆದರೆ ಎರಡರಲ್ಲಿಯೂ ಒಂದು ಅಪಾಯವಿದೆ. ಪಿ320ರಲ್ಲಿ ಕಾನೂನಿನ ಕಣ್ಣಿಗೆ ಪಿಸ್ತೂಲೆಂದರೆ ಕ್ರಮಸಂಖ್ಯೆ ಹೊತ್ತ ಒಳಗಿನ ಕುದುರೆ-ಘಟಕ (ಟ್ರಿಗರ್ ಇರುವ ಭಾಗ) ಮಾತ್ರ. ಹಿಡಿಕೆ, ಸ್ಲೈಡ್, ಬ್ಯಾರೆಲ್ ಎಲ್ಲವನ್ನೂ ಕೆಲವೇ ನಿಮಿಷಗಳಲ್ಲಿ ಬದಲಿಸಬಹುದು. ಸಾಮಾನ್ಯ ಪಿ320ಕ್ಕೆ ಎಂ17ರ ಸ್ಲೈಡ್ ತೊಡಿಸುವುದನ್ನು ತಡೆಯುವಂಥದ್ದು ಅದರ ವಿನ್ಯಾಸದಲ್ಲಿ ಏನೂ ಇಲ್ಲ. ಆದ್ದರಿಂದ ಹಿಡಿಕೆಯ ಕಿಂಡಿಯಲ್ಲಿ ಕಾಣುವ ಸಂಖ್ಯೆಯನ್ನು ಪೆಟ್ಟಿಗೆ, ಪ್ರಮಾಣಪತ್ರ, ಮೊದಲ ಖರೀದಿಯ ರಸೀದಿ ಈ ಮೂರರ ಜೊತೆಗೂ ತಾಳೆ ನೋಡದೆ ನಾನು ಬೆಲೆ ಬರೆಯುವುದಿಲ್ಲ.

ಕ್ರಮಸಂಖ್ಯೆಯ ಆಕರ್ಷಣೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮೊದಲನೆಯದಕ್ಕೆ ನಿಜವಾಗಿಯೂ ಹೆಚ್ಚಿನ ಬೆಲೆಯಿದೆ; ನೂರರೊಳಗಿನ ಸಂಖ್ಯೆ ಎಂಬ ಮಾತಿಗೆ ಮಾರುವವನು ಕೊಡುವಷ್ಟು ಮಹತ್ವವನ್ನು ಕೊಳ್ಳುವವನು ಕೊಡುವುದಿಲ್ಲ. ನಾಲ್ಕು ಕದನಗಳ ಕೋಲ್ಟ್ ಸರಣಿಯಲ್ಲಿ ಒಂದೇ ಸಂಖ್ಯೆಯ ನಾಲ್ಕೂ ಒಟ್ಟಿಗೆ ಸಿಕ್ಕರೆ ಅದು ಬೇರೆ ವಿಷಯ, ಆ ಕೂಟವನ್ನು ಒಡೆದು ಮಾರಬಾರದು.

ಬೆಲೆಯ ಅಂಕಿಯನ್ನು ಎಲ್ಲಿಂದ ತೆಗೆದುಕೊಳ್ಳುತ್ತೇವೆ ಎಂಬುದೂ ಮುಖ್ಯ. ಮಾರಾಟಗಾರ ಕೇಳುತ್ತಿರುವ ಬೆಲೆ ಆಧಾರವಾಗದು, ಮಾರಾಟವಾಗಿ ಮುಗಿದ ಬೆಲೆ ಮಾತ್ರ ಆಧಾರ. ಹರಾಜಿನ ಫಲಿತಾಂಶದಲ್ಲಿ ಖರೀದಿದಾರ ಹರಾಜು ಸಂಸ್ಥೆಗೆ ಕೊಡುವ ಹೆಚ್ಚುವರಿ ಶುಲ್ಕ ಸೇರಿದೆಯೇ ಎಂಬುದನ್ನು ಓದಿಕೊಳ್ಳಬೇಕು, ಆ ಹಣ ಮಾಲೀಕನ ಕೈಗೆ ಬರುವುದಿಲ್ಲ. ಕಾನೂನು ಕೂಡ ಬೇಡಿಕೆಯ ಹರವನ್ನು ಬದಲಿಸುತ್ತದೆ. ತಯಾರಾಗಿ 50 ವರ್ಷ ಕಳೆದ, ಮೂಲರೂಪದಲ್ಲಿರುವ ಪಿಸ್ತೂಲು ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ‘ಕ್ಯೂರಿಯೋ ಆ್ಯಂಡ್ ರೆಲಿಕ್’ (ಸಂಗ್ರಹಯೋಗ್ಯ ಹಳೆಯ ಆಯುಧ) ವರ್ಗಕ್ಕೆ ಸೇರುತ್ತದೆ. ಸಂಗ್ರಾಹಕರ ಪರವಾನಗಿ ಉಳ್ಳವರು ಅದನ್ನು ಬೇರೆ ರಾಜ್ಯದಿಂದಲೂ ನೇರವಾಗಿ ಕೊಳ್ಳಲು ಒಕ್ಕೂಟ ಕಾನೂನು ಅವಕಾಶ ಕೊಡುತ್ತದೆ. ರಾಜ್ಯಗಳ ನಿಯಮಗಳನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕು. 1960ರ ದಶಕದ ಕೋಲ್ಟ್‌ಗಳು ಈ ವಯಸ್ಸನ್ನು ದಾಟಿವೆ, ಎಂ17 ದಾಟಲು ಇನ್ನೂ ದಶಕಗಳು ಬೇಕು.

ಕೊನೆಯದಾಗಿ, ಒಂದೇ ಪಿಸ್ತೂಲಿಗೆ ನಾನು ಎರಡು ಬೇರೆ ಅಂಕಿಗಳನ್ನು ಬರೆದುಕೊಟ್ಟರೆ ಗಾಬರಿಯಾಗಬೇಕಿಲ್ಲ. ವಿಮೆಗಾಗಿ ಬರೆಯುವುದು ಅಂಥದ್ದೇ ಇನ್ನೊಂದನ್ನು ಅಂಗಡಿಯಿಂದ ಕೊಳ್ಳಲು ತಗಲುವ ಮೊತ್ತ. ವಾರಸುದಾರರ ತೆರಿಗೆ ಲೆಕ್ಕಕ್ಕೆ ಬರೆಯುವುದು ವಿಷಯ ತಿಳಿದ, ಒತ್ತಡವಿಲ್ಲದ ಇಬ್ಬರ ನಡುವೆ ಕುದುರುವ ಬೆಲೆ. ವರದಿಯನ್ನು ಬೇಡುವಾಗಲೇ ಅದು ಯಾವ ಉದ್ದೇಶಕ್ಕೆ ಎಂದು ತಿಳಿಸಿದರೆ ಸಾಕು. ವರದಿಯ ಮೊದಲ ಸಾಲಿನಲ್ಲಿಯೇ ಆ ಉದ್ದೇಶವನ್ನು ದಿನಾಂಕದೊಂದಿಗೆ ನಮೂದಿಸಿರುತ್ತೇನೆ.