ರೊಟ್ಟಿ ರಕ್ತಕ್ಕೆ ಸೇರುವ ಜಾಗ

ಮೂರನೆಯ ತರಗತಿಯ ಮಕ್ಕಳಿಗೆ ಮನುಷ್ಯನ ಹೊರಗೆರೆ ಮಾತ್ರ ಇರುವ ಒಂದೊಂದು ಹಾಳೆಯನ್ನು ಕೊಟ್ಟು, ಬೆಳಿಗ್ಗೆ ತಿಂದ ರೊಟ್ಟಿ ಎಲ್ಲೆಲ್ಲಿ ಹೋಯಿತೆಂದು ಬರೆದು ತೋರಿಸಿ ಎಂದರೆ, ಬರುವ ಚಿತ್ರಗಳು ಬಹುಮಟ್ಟಿಗೆ ಒಂದೇ ಬಗೆಯವಾಗಿರುತ್ತವೆ. ಬಾಯಿಂದ ಒಂದು ಗೆರೆ ನೇರವಾಗಿ ಕೆಳಗಿಳಿಯುತ್ತದೆ. ಹೊಟ್ಟೆಯ ಜಾಗದಲ್ಲಿ ಒಂದು ದುಂಡನೆಯ ಚೀಲವಿರುತ್ತದೆ, ಅದರೊಳಗೆ ರೊಟ್ಟಿಯ ಚೂರುಗಳು ಚೂರುಗಳಾಗಿಯೇ ಉಳಿದಿರುತ್ತವೆ. ಕೆಲವರು ನೀರಿಗೆಂದು ಬೇರೆಯದೇ ಕೊಳವೆಯನ್ನು ಬರೆಯುತ್ತಾರೆ. ಧೈರ್ಯವುಳ್ಳ ಒಬ್ಬಿಬ್ಬರು ಚೀಲದ ಕೆಳಗೆ ಹೊರಹೋಗುವ ದಾರಿಯನ್ನೂ ತೋರಿಸಿ, ಹಾಳೆಯನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಾರೆ. ಗಂಗಾವತಿ ಕಡೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿರುವ ನಾನು ಪ್ರತಿವರ್ಷ ಈ ಪಾಠವನ್ನು ಹೀಗೆಯೇ ಆರಂಭಿಸುತ್ತೇನೆ. ಒಂದು ವರ್ಷ ಒಬ್ಬ ಹುಡುಗಿ ತಾನು ಬರೆದ ಚಿತ್ರವನ್ನೇ ಬಹಳ ಹೊತ್ತು ನೋಡಿ ಕೇಳಿದಳು: "ಟೀಚರ್ರೀ, ತಿಂದದ್ದೆಲ್ಲಾ ಹೊರಗ ಹೋಗೋದಾದ್ರ ಮತ್ಯಾಕ ತಿನ್ನಬೇಕ್ರೀ?"

ಆ ಪ್ರಶ್ನೆಗೆ ನನ್ನ ಬಳಿ ಸಿದ್ಧವಾದ ಪಾಠವಿರಲಿಲ್ಲ. ಬಾಯಿ, ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು ಎಂದು ಮಗು ಕಂಠಪಾಠ ಮಾಡಿ ಒಪ್ಪಿಸಿದರೂ ಅದು ಹೇಳುವುದು ದಾರಿಯ ಊರುಗಳ ಹೆಸರನ್ನು ಮಾತ್ರ. ದಾರಿಯಲ್ಲಿ ರೊಟ್ಟಿ ಏನಾಯಿತು, ಎಲ್ಲಿ ದಾರಿಯನ್ನು ಬಿಟ್ಟು ಮೈಯೊಳಗೆ ಸೇರಿತು ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ. ಬಾಯಿಂದ ಗುದದ್ವಾರದವರೆಗಿನ ನಾಳ ಎರಡೂ ತುದಿಗೆ ತೆರೆದ ಒಂದು ಕೊಳವೆ. ಅದರೊಳಗಿರುವ ತುತ್ತು ನಮ್ಮ ಹೊಟ್ಟೆಯಲ್ಲಿದ್ದರೂ ಇನ್ನೂ ನಮ್ಮದಾಗಿರುವುದಿಲ್ಲ. ಕರುಳಿನ ಗೋಡೆಯನ್ನು ದಾಟಿದ ಮೇಲಷ್ಟೇ ಅದು ನಮ್ಮದಾಗುತ್ತದೆ. ಚಿಕ್ಕ ಮಕ್ಕಳಿಗೆ ಜೀರ್ಣಕ್ರಿಯೆಯನ್ನು ಕಲಿಸುವಾಗ ಉಳಿದ ಯಾವುದನ್ನು ಬಿಟ್ಟರೂ ಈ ದಾಟುವಿಕೆಯನ್ನು ಬಿಡಬಾರದು ಎಂಬುದು ಅಂದಿನಿಂದ ನನ್ನ ದೃಢವಾದ ಅಭಿಪ್ರಾಯ.

ಮಕ್ಕಳು ಖಾಲಿ ತಲೆಯಲ್ಲಿ ತರಗತಿಗೆ ಬರುವುದಿಲ್ಲ, ಮನೆಯ ಮಾತುಗಳನ್ನು ಹೊತ್ತು ಬರುತ್ತಾರೆ. ನೀರು ಕುಡಿಯುವಾಗ ಕೆಮ್ಮು ಬಂದರೆ "ನೆತ್ತಿಗೆ ಹತ್ತಿತು" ಎಂದು ಅಜ್ಜಿ ನೆತ್ತಿ ತಟ್ಟುತ್ತಾಳೆ, ಮಗು ನೀರು ತಲೆಗೆ ಏರಿತೆಂದು ನಂಬುತ್ತದೆ. ನಿಜದಲ್ಲಿ ನೀರು ಏರುವುದಿಲ್ಲ, ಪಕ್ಕದ ದಾರಿಗೆ ಜಾರುತ್ತದೆ. ಗಂಟಲಿನಲ್ಲಿ ಅನ್ನನಾಳದ ಮುಂದೆ ಶ್ವಾಸನಾಳವಿದೆ. ನುಂಗುವಾಗ ಎಪಿಗ್ಲಾಟಿಸ್ ಎಂಬ ಸಣ್ಣ ಮುಚ್ಚಳ ಅದರ ಬಾಯಿಯ ಮೇಲೆ ಬಾಗುತ್ತದೆ. ಉಣ್ಣುತ್ತಾ ಮಾತಾಡಿದರೆ, ನಕ್ಕರೆ ಆ ಹೊಂದಾಣಿಕೆ ತಪ್ಪುತ್ತದೆ. "ಎದೆ ಉರಿ" ಎಂಬ ಮಾತೂ ಹೀಗೆಯೇ, ಉರಿಯುವುದು ಹೃದಯವಲ್ಲ, ಜಠರದ ಆಮ್ಲ ತಾಗಿದ ಅನ್ನನಾಳ. ಇನ್ನು "ಹೊಟ್ಟೆ" ಎಂಬ ಒಂದೇ ಪದ ಹೊರಗಿನ ಮೈಗೂ ಒಳಗಿನ ಚೀಲಕ್ಕೂ ಸಲ್ಲುವುದರಿಂದ, ಹೊಕ್ಕುಳಿನ ಹಿಂದೆ ಇರುವುದು ಜಠರವೆಂದೇ ಎಲ್ಲ ಮಕ್ಕಳೂ ತಿಳಿದಿರುತ್ತಾರೆ. ಜಠರವಿರುವುದು ಅದಕ್ಕಿಂತ ಮೇಲೆ, ಎಡಪಕ್ಕೆಯ ಕೆಳಗೆ. ಹೊಕ್ಕುಳಿನ ಹಿಂದಿರುವುದು ಕರುಳು.

ಮೊದಲ ಪ್ರಯೋಗಕ್ಕೆ ಬೇಕಾಗುವುದು ಒಂದು ತುಂಡು ಜೋಳದ ರೊಟ್ಟಿ ಮಾತ್ರ. ಪಲ್ಯ, ಚಟ್ನಿ ಏನನ್ನೂ ಹಚ್ಚದೆ ಬಾಯಲ್ಲಿಟ್ಟು, ನುಂಗದೆ, ಒಂದೆರಡು ನಿಮಿಷ ಅಗಿಯುತ್ತಲೇ ಇರಬೇಕು. ಮೊದಲು ಸಪ್ಪೆ, ಆಮೇಲೆ ಹಿಟ್ಟು ಹಿಟ್ಟು, ಕೊನೆಗೆ ಸಣ್ಣದೊಂದು ಸಿಹಿ. "ಸಕ್ರಿ ಹಾಕಿಲ್ಲಲ್ರೀ" ಎಂದು ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಜೋಳದ ಪಿಷ್ಟವೆಂಬುದು ಗ್ಲೂಕೋಸ್ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಉಗುಳಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಆ ಸರವನ್ನು ಕತ್ತರಿಸುತ್ತಾ ಬಂದು ಎರಡೆರಡು ಮಣಿಗಳ ಮಾಲ್ಟೋಸ್ ಎಂಬ ಸಕ್ಕರೆಯನ್ನು ಬಿಡಿಸುತ್ತದೆ. ನಾಲಿಗೆಗೆ ತಿಳಿದ ಸಿಹಿ ಅದು.

ಇದನ್ನು ಕಣ್ಣಿಗೂ ತೋರಿಸಬಹುದು. ಅನ್ನದ ಗಂಜಿಯನ್ನು ನೀರಿನಷ್ಟೇ ತೆಳ್ಳಗೆ ಮಾಡಿ ಎರಡು ಬಟ್ಟಲುಗಳಲ್ಲಿ ಇಟ್ಟುಕೊಳ್ಳಬೇಕು. ಗಂಜಿ ಬಿಸಿಯಾಗಿರಕೂಡದು, ಬಿಸಿಗೆ ಕಿಣ್ವ ಕೆಟ್ಟುಹೋಗುತ್ತದೆ. ಒಂದಕ್ಕೆ ನಾನೇ ನನ್ನ ಉಗುಳನ್ನು ಸೇರಿಸುತ್ತೇನೆ. ಎಂಜಲಿನ ವಿಷಯದಲ್ಲಿ ಮಕ್ಕಳನ್ನು ಸಂಕೋಚಕ್ಕೆ ಗುರಿಮಾಡುವುದು ಸರಿಯಲ್ಲ. ಕಾಲು ಗಂಟೆ ಬಿಟ್ಟು ಎರಡಕ್ಕೂ ಒಂದೊಂದು ಹನಿ ಟಿಂಕ್ಚರ್ ಅಯೋಡಿನ್ ಬಿಟ್ಟರೆ, ಬರೀ ಗಂಜಿ ಕಡುನೀಲಿಯಾಗುತ್ತದೆ, ಉಗುಳು ಸೇರಿದ ಗಂಜಿ ಅಯೋಡಿನ್ನಿನ ತೆಳು ಕಂದಿನಲ್ಲೇ ಉಳಿಯುತ್ತದೆ. ನೀಲಿ ಬಣ್ಣ ಪಿಷ್ಟದ ಗುರುತು, ಉಗುಳು ಸೇರಿದ ಬಟ್ಟಲಿನಲ್ಲಿ ಪಿಷ್ಟ ಪಿಷ್ಟವಾಗಿ ಉಳಿದಿಲ್ಲ.

ಹೊಟ್ಟೆಯೆಂದರೆ ಒಂದು ಗಿರಣಿ ಎಂದು ಹೇಳಿಕೊಡುವ ವಾಡಿಕೆಯಿದೆ. ಅಕ್ಕಿ ಗಿರಣಿಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಅದು ಥಟ್ಟನೆ ಹಿಡಿಸುತ್ತದೆ, ಆದ್ದರಿಂದಲೇ ನಾನು ಅದನ್ನು ಬಳಸುವುದಿಲ್ಲ. ಗಿರಣಿಗೆ ಹಾಕಿದ ಜೋಳ ಎಷ್ಟು ನುಣ್ಣಗಾದರೂ ಜೋಳವೇ. ಹಲ್ಲು ಮಾಡುವ ಕೆಲಸ ಅಷ್ಟು ಮಾತ್ರ, ಅದು ಬೇಕಾದ ಕೆಲಸವೂ ಹೌದು. ಕಿಣ್ವ ಮಾಡುವ ಕೆಲಸವೇ ಬೇರೆ, ಅದು ಪದಾರ್ಥವನ್ನೇ ಬದಲಿಸುತ್ತದೆ. ಅತ್ಯಂತ ನುಣ್ಣನೆಯ ಹಿಟ್ಟಿನ ಕಣವೂ ಕರುಳಿನ ಗೋಡೆಯನ್ನು ದಾಟಲಾರದು. ಗಿರಣಿಯ ಹೋಲಿಕೆಯಲ್ಲಿ ಬೆಳೆದ ಮಗುವಿಗೆ ಮುಂದೆ ಹೈಸ್ಕೂಲಿನಲ್ಲಿ ಈ ಮಾತನ್ನು ತಿಳಿಸಿ ಹೇಳುವುದು ಬಲು ಕಷ್ಟ.

ನುಂಗಿದ ತುತ್ತು ಕೊಡಕ್ಕೆ ಸುರಿದ ನೀರಿನಂತೆ ಬೀಳುವುದಿಲ್ಲ ಎಂಬುದನ್ನು ಮಕ್ಕಳಿಗೆ ಅವರ ಎಮ್ಮೆಗಳೇ ಕಲಿಸುತ್ತವೆ. ಕಾಲುವೆಯ ದಂಡೆಯಲ್ಲಿ ಎಮ್ಮೆ ನೀರು ಕುಡಿಯುವಾಗ ಅದರ ಬಾಯಿ ಹೊಟ್ಟೆಗಿಂತ ಕೆಳಗಿರುತ್ತದೆ, ಆದರೂ ನೀರು ಮೇಲೇರಿ ಹೋಗುತ್ತದೆ. ತುತ್ತಿನ ಹಿಂದಿನ ಸ್ನಾಯು ಬಿಗಿದು, ಮುಂದಿನದು ಸಡಿಲವಾಗಿ, ಅಲೆಯಂತೆ ಮುಂದಕ್ಕೆ ತಳ್ಳುವುದೇ ಇದಕ್ಕೆ ಕಾರಣ. ಲಂಗದ ನೇಫಾದೊಳಗೆ ಲಾಡಿ ಪೋಣಿಸುವಾಗ ಪಿನ್ನಿನ ಹಿಂದೆ ಬೆರಳಿನಿಂದ ಒತ್ತುತ್ತಾ ಮುಂದೆ ಸಾಗಿಸುವುದನ್ನು ಹೆಣ್ಣುಮಕ್ಕಳೆಲ್ಲ ಬಲ್ಲರು. ಒಂದು ಹಳೆಯ ಸೈಕಲ್ ಟ್ಯೂಬಿನ ತುಂಡಿಗೆ ಎಣ್ಣೆ ಸವರಿ, ಗೋಲಿಯೊಂದನ್ನು ಹಾಗೆಯೇ ಒತ್ತಿ ಸಾಗಿಸಿದರೆ ಎಲ್ಲರಿಗೂ ತಿಳಿಯುತ್ತದೆ.

ಜಠರದಲ್ಲಿ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಮನೆಮನೆಯಲ್ಲೂ ಇದೆ. ಹಾಲು ಕುಡಿದ ಕೂಸು ಸ್ವಲ್ಪ ಹೊತ್ತಿನ ಮೇಲೆ ಕಕ್ಕಿದರೆ ಹಾಲು ಒಡೆದು ಮೊಸರಿನಂತೆ ಬರುತ್ತದೆ. ತಮ್ಮ ತಂಗಿಯರನ್ನು ಎತ್ತಿ ಆಡಿಸುವ ಮಕ್ಕಳಿಗೆ ಇದು ಹೊಸದಲ್ಲ, ಆದರೆ ಯಾಕೆಂದು ಯಾರೂ ಹೇಳಿರುವುದಿಲ್ಲ. ಜಠರದ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಪೆಪ್ಸಿನ್ ಎಂಬ ಕಿಣ್ವ ಹಾಲಿನ ಪ್ರೋಟೀನಿನ ಮೇಲೆ ಮಾಡಿದ ಕೆಲಸ ಅದು. ಅದರ ನಂತರ ಅಲೆಕ್ಸಿಸ್ ಸೇಂಟ್ ಮಾರ್ಟಿನ್‌ನ ಕತೆಯನ್ನು ಹೇಳಿದರೆ ತರಗತಿ ಉಸಿರು ಬಿಗಿಹಿಡಿದು ಕೇಳುತ್ತದೆ. 1822ರಲ್ಲಿ ಅಮೆರಿಕದಲ್ಲಿ ಆಕಸ್ಮಿಕವಾಗಿ ಗುಂಡು ತಗುಲಿದ ಈ ಯುವಕ ಬದುಕಿಕೊಂಡ, ಆದರೆ ಜಠರಕ್ಕೆ ಬಿದ್ದ ತೂತು ಮುಚ್ಚಲೇ ಇಲ್ಲ. ವಿಲಿಯಂ ಬೋಮಾಂಟ್ ಎಂಬ ಸೇನಾ ವೈದ್ಯ ಮಾಂಸ, ಬ್ರೆಡ್ಡು, ಕೋಸಿನ ತುಂಡುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನೊಳಗೆ ಇಳಿಬಿಟ್ಟು, ಗಂಟೆಗೊಮ್ಮೆ ಎಳೆದು ನೋಡಿದ. ಜಠರರಸವನ್ನು ಹೊರತೆಗೆದು ಬಾಟಲಿಯಲ್ಲಿಟ್ಟು ಬೆಚ್ಚಗಿಟ್ಟಾಗಲೂ ಅದು ಮಾಂಸವನ್ನು ಕರಗಿಸಿತು. ಅರೆಯುವ ಜಠರವಿಲ್ಲದೆಯೇ ಮಾಂಸ ಕರಗಿತೆಂದರೆ ಕೆಲಸ ರಸದ್ದು. ಈ ಪ್ರಯೋಗಗಳನ್ನು ಅವನು 1833ರಲ್ಲಿ ಪ್ರಕಟಿಸಿದ. ಆ ಬಡ ಯುವಕನಿಗೆ ಇದೆಲ್ಲ ಎಷ್ಟು ಹಿಂಸೆಯಾಗಿದ್ದಿರಬೇಕು ಎಂಬುದನ್ನೂ ಮಕ್ಕಳಿಗೆ ಹೇಳಬೇಕು, ನಾನು ಹೇಳುತ್ತೇನೆ.

ಈ ಹಂತದಲ್ಲಿ ಯಾರಾದರೂ ಹಣ್ಣಿನ ಬೀಜದ ಪ್ರಶ್ನೆ ಎತ್ತಿಯೇ ಎತ್ತುತ್ತಾರೆ: ಬೀಜ ನುಂಗಿದರೆ ಹೊಟ್ಟೆಯಲ್ಲಿ ಗಿಡ ಹುಟ್ಟುವುದೇ? ಕೆಲವು ಮಕ್ಕಳು ನಿಜವಾಗಿ ಹೆದರಿರುತ್ತಾರೆ. ಉತ್ತರ ಶಾಲೆಯ ಬೇಲಿಯಲ್ಲೇ ಇದೆ. ಬಳ್ಳಾರಿ ಜಾಲಿಯ ಕಾಯನ್ನು ಆಡುಗಳು ತಿನ್ನುತ್ತವೆ, ಗಟ್ಟಿ ಸಿಪ್ಪೆಯ ಬೀಜಗಳಲ್ಲಿ ಹಲವು ಜೀರ್ಣವಾಗದೆ ಹಿಕ್ಕೆಯಲ್ಲಿ ಹೊರಬಿದ್ದು, ನೆಲದಲ್ಲಿ ಮೊಳೆಯುತ್ತವೆ. ಆಡಿನ ಹೊಟ್ಟೆಯಲ್ಲಿ ಜಾಲಿಯ ಗಿಡ ಬೆಳೆದದ್ದನ್ನು ಯಾರೂ ಕಂಡಿಲ್ಲ.

ಇನ್ನು ಸಣ್ಣ ಕರುಳು. ಇಲ್ಲಿ ಪಾಠ ನಿಧಾನವಾಗಬೇಕು. ನಾನು ಮನೆಯಿಂದ ಒಂದು ಇಳಕಲ್ ಸೀರೆಯನ್ನು ತಂದು, ಒಂದು ತುದಿಯನ್ನು ಬಾಗಿಲ ಬಳಿ ಒಬ್ಬರಿಗೆ ಹಿಡಿಸಿ ಕೋಣೆಯ ಉದ್ದಕ್ಕೂ ಬಿಚ್ಚುತ್ತೇನೆ. ಆರು ಗಜದ ಸೀರೆ ಸುಮಾರು 5.5 ಮೀಟರ್, ದೊಡ್ಡವರ ಸಣ್ಣ ಕರುಳು ಬಿಚ್ಚಿ ಅಳೆದರೆ ಸುಮಾರು 6 ಮೀಟರ್. (ಬದುಕಿರುವ ಮೈಯಲ್ಲಿ ಸ್ನಾಯು ಬಿಗಿಯಾಗಿರುವುದರಿಂದ ಅದು ಇನ್ನೂ ಮೊಟಕು, ಮಕ್ಕಳಲ್ಲಿ ಮತ್ತೂ ಕಡಿಮೆ.) ಇಷ್ಟುದ್ದದ ನಾಳ ಅಷ್ಟು ಸಣ್ಣ ಹೊಟ್ಟೆಯಲ್ಲಿ ಹೇಗೆ ಹಿಡಿಯಿತೆಂದು ಕೇಳಿದರೆ, ಯಾರೂ ಹೇಳಿಕೊಡದೆಯೇ ಒಬ್ಬ ಹುಡುಗಿ ಎದ್ದು ನಿರಿಗೆ ಹಿಡಿದು ತೋರಿಸುತ್ತಾಳೆ. ಕರುಳು ಹೊರಗಿನಿಂದ ಸುರುಳಿ ಸುರುಳಿಯಾಗಿ ಮಡಚಿಕೊಂಡಿದೆ, ಒಳಗಿನ ಪದರ ನಿರಿಗೆಗಟ್ಟಿದೆ. ಆ ನಿರಿಗೆಯ ಮೇಲೆಲ್ಲ ಒಂದು ಮಿಲಿಮೀಟರಿನಷ್ಟೂ ಎತ್ತರವಿಲ್ಲದ, ಬೆರಳಿನಾಕಾರದ ಎಳೆಗಳಿವೆ. ಇವುಗಳಿಗೆ ವಿಲ್ಲೈ ಎಂದು ಹೆಸರು. ತೆಳ್ಳನೆಯ ಬಟ್ಟೆಯೊಂದನ್ನೂ ಎಳೆ ಎದ್ದ ಟರ್ಕಿ ಟವೆಲನ್ನೂ ನೀರಿನಲ್ಲಿ ಅದ್ದಿ ಹಿಂಡಿ, ಯಾವುದರಿಂದ ಹೆಚ್ಚು ನೀರು ಬಂತೆಂದು ಲೋಟದಲ್ಲಿ ಅಳೆದರೆ ವಿಲ್ಲೈ ಏಕಿವೆ ಎಂದು ವಿವರಿಸುವ ಅಗತ್ಯವೇ ಇರುವುದಿಲ್ಲ. ಕರುಳಿನ ಒಳಮೈಯನ್ನು ಹರಡಿದರೆ ಟೆನಿಸ್ ಅಂಗಳದಷ್ಟಾಗುತ್ತದೆ ಎಂದು ಹಳೆಯ ಪುಸ್ತಕಗಳು ಹೇಳುತ್ತವೆ. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಸೂಕ್ಷ್ಮದರ್ಶಕದಿಂದ ಮತ್ತೆ ಅಳೆದು, ಇಡೀ ಜೀರ್ಣನಾಳದ ಒಳಮೈ ಸರಾಸರಿ 32 ಚದರ ಮೀಟರ್ ಎಂದು ತೋರಿಸಿದರು. ಅಂದರೆ ನಮ್ಮ ತರಗತಿಯ ನೆಲಕ್ಕಿಂತ ತುಸು ಚಿಕ್ಕದು. ಟೆನಿಸ್ ಅಂಗಳವನ್ನು ಕಾಣದ ಮಕ್ಕಳಿಗೆ ತಾವು ಕುಳಿತ ನೆಲದ ಅಳತೆಯೇ ಹೆಚ್ಚು ನಿಜ.

ಈ ಗೋಡೆಯನ್ನು ದಾಟುವುದನ್ನು ತೋರಿಸಲು ಮಣಿಸರ ಮತ್ತು ಕಾಳು ಸಾಣಿಸುವ ಜರಡಿ ಸಾಕು. ಸರ ಜರಡಿಯ ಮೇಲೆಯೇ ನಿಲ್ಲುತ್ತದೆ, ದಾರ ಕತ್ತರಿಸಿದರೆ ಮಣಿಗಳು ಒಂದೊಂದಾಗಿ ಕೆಳಗೆ ಉದುರುತ್ತವೆ. ಜಠರದ ಹಿಂದಿರುವ ಮೇದೋಜೀರಕ ಗ್ರಂಥಿಯ ಕಿಣ್ವಗಳು ಮತ್ತು ಕರುಳಿನ ಗೋಡೆಯಲ್ಲೇ ಇರುವ ಕಿಣ್ವಗಳು ದಾರ ಕತ್ತರಿಸುವ ಕೆಲಸವನ್ನು ಮುಗಿಸುತ್ತವೆ, ಪಿತ್ತರಸ ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆದು ಕೊಡುತ್ತದೆ. ಆದರೆ ಕರುಳಿನ ಗೋಡೆ ಬರಿಯ ಜರಡಿಯಲ್ಲ, ಅದು ಜೀವಂತ ಕೋಶಗಳ ಸಾಲು, ಬೇಕಾದುದನ್ನು ಆರಿಸಿ ಎತ್ತಿಕೊಳ್ಳುತ್ತದೆ. ಗ್ಲೂಕೋಸನ್ನು ಒಳಗೆಳೆದುಕೊಳ್ಳುವಾಗ ಅದು ಉಪ್ಪಿನ ಸೋಡಿಯಂ ಅನ್ನೂ ಜೊತೆಗೇ ಎಳೆದುಕೊಳ್ಳುತ್ತದೆ ಎಂಬ ವಿವರಣೆಯನ್ನು 1960ರಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ ಮುಂದಿಟ್ಟರು. ಇವೆರಡರ ಹಿಂದೆ ನೀರೂ ಒಳಗೆ ಬರುತ್ತದೆ. ಭೇದಿಯಾದ ಮಗುವಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕುಡಿಸುವುದರ ಹಿಂದಿರುವ ಗುಟ್ಟು ಇದೇ. ಬೇಸಿಗೆಯಲ್ಲಿ ನಮ್ಮ ಕಡೆ ಇದನ್ನು ಬರೆದು ಗೋಡೆಗೆ ಅಂಟಿಸಿದರೂ ತಪ್ಪಿಲ್ಲ.

ಗೋಡೆ ದಾಟಿದ ಮೇಲೆ ಏನು ಎಂಬುದಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯನ್ನು ನೋಡಿ ಬೆಳೆದ ಮಕ್ಕಳಿಗೆ ಹೆಚ್ಚು ಹೇಳಬೇಕಿಲ್ಲ. ಮುಖ್ಯ ಕಾಲುವೆ, ಉಪಕಾಲುವೆ, ಹೊಲಗಾಲುವೆ ಎಂದು ನೀರು ಕವಲೊಡೆದು ಹೋಗುವಂತೆ ರಕ್ತವೂ ಬೆರಳ ತುದಿಯವರೆಗೆ ಹೋಗುತ್ತದೆ. ಒಂದು ವ್ಯತ್ಯಾಸವಿದೆ: ಸಕ್ಕರೆ ಮತ್ತು ಪ್ರೋಟೀನಿನ ತುಣುಕುಗಳನ್ನು ಹೊತ್ತ ರಕ್ತ ಮೊದಲು ಯಕೃತ್ತಿಗೆ ಹೋಗುತ್ತದೆ, ಅಲ್ಲಿ ಒಂದಿಷ್ಟು ದಾಸ್ತಾನಾಗಿ ಉಳಿದದ್ದು ಮುಂದೆ ಹರಿಯುತ್ತದೆ. ಜಂತುಹುಳುವಿನ ಮಾತನ್ನೂ ನಾನು ಇಲ್ಲಿಯೇ ಎತ್ತುತ್ತೇನೆ. ಕಾಲುವೆಯ ಮೇಲ್ಭಾಗದಲ್ಲಿ ಕದ್ದು ಪಂಪ್‌ಸೆಟ್ ಹಚ್ಚಿದರೆ ಕೊನೆಯ ಭಾಗದ ರಾಯಚೂರಿನ ಹೊಲಕ್ಕೆ ನೀರು ಮುಟ್ಟುವುದಿಲ್ಲ ಎಂದು ಮನೆಯಲ್ಲಿ ಕೇಳಿರುವ ಮಗುವಿಗೆ, ಕರುಳಲ್ಲಿ ಕುಳಿತ ಹುಳು ಏನು ಮಾಡುತ್ತದೆಂದು ಒಂದೇ ಮಾತಿನಲ್ಲಿ ತಿಳಿಯುತ್ತದೆ. 2015ರಿಂದ ಫೆಬ್ರುವರಿ 10ರಂದು ಶಾಲೆಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ಆಮೇಲೆ ಯಾರೂ ಕಿಸೆಗೆ ಸೇರಿಸುವುದಿಲ್ಲ, ಎದುರಿಗೇ ಅಗಿದು ನುಂಗುತ್ತಾರೆ.

ದೊಡ್ಡ ಕರುಳಿಗೆ ಬಂದಾಗ ತರಗತಿ ಕಿಸಕ್ಕನೆ ನಗುತ್ತದೆ. ನಾನು ಗದರುವುದಿಲ್ಲ, ನಾಚಿಕೊಂಡು ಮುಂದೆ ಸಾಗುವುದೂ ಇಲ್ಲ. ಸುಮಾರು ಒಂದೂವರೆ ಮೀಟರಿನ ಈ ಭಾಗ ಉಳಿದ ನೀರನ್ನು ಹೀರಿಕೊಳ್ಳುತ್ತದೆ, ಅಲ್ಲಿರುವ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸುತ್ತವೆ. ಮಲದ ಬಹುಭಾಗ ನೀರು, ಉಳಿದದ್ದರಲ್ಲಿ ಬ್ಯಾಕ್ಟೀರಿಯಾಗಳದೇ ದೊಡ್ಡ ಪಾಲು. ಅದರ ಕಂದು ಬಣ್ಣ ಊಟದ್ದಲ್ಲ. ಹಳೆಯದಾಗಿ ಒಡೆದ ಕೆಂಪು ರಕ್ತಕಣಗಳ ವರ್ಣದ್ರವ್ಯ ಪಿತ್ತರಸದ ಮೂಲಕ ಬಂದು ಆ ಬಣ್ಣವಾಗುತ್ತದೆ. ಇದನ್ನು ಹೇಳಿದಾಗ ನಗು ತಾನಾಗಿ ನಿಲ್ಲುತ್ತದೆ.

ಪಾಠ ಮುಗಿದ ಮೇಲೆ ಮತ್ತೆ ಅದೇ ಖಾಲಿ ಹೊರಗೆರೆಯ ಹಾಳೆ. 2002ರಲ್ಲಿ ಶಾಲೆಯ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ ಮೊದಲು ಆರಂಭವಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಕಳೆದ ಸಲ ಎರಡನೆಯ ಚಿತ್ರ ಬರೆಸಿದ ದಿನ ಮಧ್ಯಾಹ್ನದ ಊಟಕ್ಕೆ ತತ್ತಿ ಇತ್ತು. ಆಡುವಾಗ ಬಿದ್ದು ಮೊಣಕಾಲು ಕೆತ್ತಿಸಿಕೊಂಡಿದ್ದ ಹುಡುಗನೊಬ್ಬ ಬಾಯಿಂದ ಜಠರಕ್ಕೆ, ಜಠರದಿಂದ ಸುರುಳಿ ಸುತ್ತಿದ ಕರುಳಿಗೆ ಗೆರೆ ಎಳೆದು, ಕರುಳಿನ ಗೋಡೆಯಲ್ಲಿ ಸಣ್ಣದೊಂದು ಕಿಂಡಿ ಬರೆದು, ಅಲ್ಲಿಂದ ಕೆಂಪು ಬಣ್ಣದ ಗೆರೆಯನ್ನು ತೊಡೆಯ ಉದ್ದಕ್ಕೂ ಇಳಿಸಿ ಮೊಣಕಾಲಿನಲ್ಲಿ ನಿಲ್ಲಿಸಿದ್ದ. ಇದೇನೆಂದು ಕೇಳಿದಾಗ ಚಡ್ಡಿಯ ಅಂಚನ್ನು ಸರಿಸಿ, ಗಾಯದ ಮೇಲೆ ಒಣಗಿದ ಹಕ್ಕಳೆಯ ಪಕ್ಕದಲ್ಲಿ ಹೊಸದಾಗಿ ಬಂದ ತೆಳು ಚರ್ಮವನ್ನು ಬೆರಳಿನಿಂದ ಮುಟ್ಟಿ ತೋರಿಸಿದ: "ತತ್ತಿ ಇಲ್ಲಿಗೆ ಬರಾಕತ್ತೈತ್ರೀ."